ಸಾಹೇಬರ ಕಾಫಿಗೆ ಸಕ್ಕರೆ ಎಷ್ಟು?

ಈ ಸಲದ ಪತ್ರಗಳನ್ನೆಲ್ಲ ಊಟದ ಮೇಜಿನ ಮೇಲೆ ಹರಡಿಕೊಂಡು ಕೂತಾಗ ಒಂದು ಮಾತು ಮತ್ತೆ ಮತ್ತೆ ಕಣ್ಣಿಗೆ ಬಿತ್ತು: ಬಕೆಟ್. ಸ್ನಾನದ ಮನೆಯ ಬಕೆಟ್ ಅಲ್ಲ, ಮೇಲಿನವರಿಗೆ ಹಿಡಿಯುವ ಬಕೆಟ್. ಹಾಗಾಗಿ ಸೈಟು, ಸಾಲ, ಸಂಬಂಧಗಳ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ತಳ್ಳಿ ಇದನ್ನೇ ಎತ್ತಿಕೊಂಡಿದ್ದೇನೆ. ಒಂದು ಅತ್ತೆ ಪ್ರಶ್ನೆ ಮಾತ್ರ ನುಸುಳಿಕೊಂಡಿದೆ, ಇರಲಿ. ನಾನು 34 ವರ್ಷ ಸರ್ಕಾರಿ ಕಚೇರಿಯಲ್ಲಿ ಕೂತು ಎದ್ದವಳು. ದ್ವಿತೀಯ ದರ್ಜೆ ಸಹಾಯಕಿಯಾಗಿ ಸೇರಿ ಅಧೀಕ್ಷಕಿಯಾಗಿ ನಿವೃತ್ತಳಾದೆ. ಈ ವಿದ್ಯೆಯನ್ನು ಹತ್ತಿರದಿಂದ ನೋಡಿದ್ದೇನೆ. ಒಮ್ಮೆ ನಾನೂ ಮಾಡಿದ್ದೇನೆ. ಅದನ್ನೂ ಕೆಳಗೆ ಬರೆದಿದ್ದೇನೆ.

ಪ್ರಶ್ನೆ: ಬೆಂಗಳೂರಿನ ಒಂದು ಖಾಸಗಿ ಕಂಪನಿಯಲ್ಲಿ ಆರು ವರ್ಷದಿಂದ ಕೆಲಸದಲ್ಲಿದ್ದೇನೆ. ನನ್ನ ನಂತರ ಸೇರಿದ ಒಬ್ಬ, ಮ್ಯಾನೇಜರ್ ಏನು ಹೇಳಿದರೂ 'ಸೂಪರ್ ಸರ್' ಅನ್ನುತ್ತಾನೆ. ಅವರ ಮಗನ ಹುಟ್ಟುಹಬ್ಬಕ್ಕೆ ಕೇಕ್ ತರುತ್ತಾನೆ. ಈ ಏಪ್ರಿಲ್‌ನಲ್ಲಿ ಅವನಿಗೆ ಪ್ರಮೋಷನ್ ಆಯಿತು, ನನಗಿಲ್ಲ. 'ನೀವೂ ಸ್ವಲ್ಪ ಬಕೆಟ್ ಹಿಡಿಯೋದು ಕಲೀರಿ' ಅಂತ ಹೆಂಡತಿ ಹೇಳುತ್ತಾಳೆ. ಏನು ಮಾಡಲಿ?
(ಹೆಸರು ಬೇಡ, ರಾಜಾಜಿನಗರ)

ಉತ್ತರ: ನಿಮ್ಮ ಹೆಂಡತಿಯನ್ನು ಬೈಯಬೇಡಿ. ಮನೆ ಬಾಡಿಗೆ, ಮಕ್ಕಳ ಫೀಸು ಲೆಕ್ಕ ಹಾಕುವವರು ಹಾಗೇ ಹೇಳುತ್ತಾರೆ. ಆದರೆ ಬಕೆಟ್ ಹಿಡಿಯುವುದು ನೀವಿಬ್ಬರೂ ಅಂದುಕೊಂಡಷ್ಟು ಸುಲಭ ಅಲ್ಲ. ಅದಕ್ಕೆ ಇಡೀ ದಿನ ಬೇಕು.

ನಮ್ಮ ಕಚೇರಿಯಲ್ಲಿ ಒಬ್ಬ ಪ್ರಥಮ ದರ್ಜೆ ಸಹಾಯಕರಿದ್ದರು. ಹೊಸ ಸಾಹೇಬರ ವರ್ಗಾವಣೆ ಆದೇಶ ಬಂತು ಅಂದರೆ ಆವತ್ತೇ ಅವರ ಹಿಂದಿನ ಊರಿನ ಕಚೇರಿಗೆ ಫೋನು ಹಚ್ಚುತ್ತಿದ್ದರು. ಅಲ್ಲಿನ ಗುಮಾಸ್ತರಿಗಲ್ಲ, ಜೀಪಿನ ಡ್ರೈವರಿಗೆ. ಸಾಹೇಬರ ಕಾಫಿಗೆ ಸಕ್ಕರೆ ಎಷ್ಟು? ಶನಿವಾರ ಒಪ್ಪೊತ್ತಾ? ಅಮ್ಮಾವ್ರು ಯಾವ ದೇವಸ್ಥಾನಕ್ಕೆ ಹೋಗ್ತಾರೆ? ಮಗಳು ಎಷ್ಟನೇ ಕ್ಲಾಸು? ಎಲ್ಲವೂ ಒಂದು ಉದ್ದನೆಯ ನೋಟ್‌ಬುಕ್ಕಿಗೆ ಹೋಗುತ್ತಿತ್ತು. ಒಬ್ಬ ಸಾಹೇಬರಿಗೆ ಒಂದು ಪುಟ. ಒಂದು ದಿನ ಅವರು ಊಟಕ್ಕೆ ಹೋದಾಗ ನಾನು ಕದ್ದು ನೋಡಿದೆ. ಒಂದು ಪುಟದಲ್ಲಿ 'ಬದನೆಕಾಯಿ ಕೂಡದು, ಮೈ ನವೆ' ಅಂತ ಕೆಂಪು ಶಾಯಿಯಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದರು. ಅವರ ಕಡತಗಳಲ್ಲಿ ಅಷ್ಟು ಅಚ್ಚುಕಟ್ಟು ನಾನು ಯಾವತ್ತೂ ಕಂಡಿಲ್ಲ.

ಸಾಹೇಬರು ಅಧಿಕಾರ ವಹಿಸಿಕೊಂಡ ಬೆಳಿಗ್ಗೆ ಅರ್ಧ ಚಮಚ ಸಕ್ಕರೆಯ ಸ್ಟ್ರಾಂಗ್ ಕಾಫಿ ಬರುತ್ತಿತ್ತು. 'ಅರೆ, ನನ್ನ ಹದ ಹೇಗ್ರೀ ಗೊತ್ತಾಯ್ತು?' 'ನಿಮ್ಮಂಥವರನ್ನ ನೋಡಿದ ಕೂಡ್ಲೇ ಗೊತ್ತಾಗುತ್ತೆ ಸರ್.' ಮುಗಿಯಿತು. ಆಮೇಲೆ ಅವರು ಹನ್ನೊಂದಕ್ಕೆ ಬಂದರೂ ಕೇಳುವವರಿಲ್ಲ. ಆ ಸಾಹೇಬರಿಗೆ ವರ್ಗವಾದ ದಿನ ಅವರ ಪುಟದ ಮೂಲೆ ಮಡಚುತ್ತಿದ್ದರು. ಬೀಳ್ಕೊಡುಗೆಗೆ ಬರುತ್ತಿರಲಿಲ್ಲ. ಆ ಹೊತ್ತಿಗೆ ಮುಂದಿನ ಡ್ರೈವರಿಗೆ ಫೋನು ಹಚ್ಚಿರುತ್ತಿದ್ದರು!

ಒಮ್ಮೆ ಮಾತ್ರ ಎಡವಟ್ಟಾಯಿತು. ಬಂದವರು ಹೆಣ್ಣುಮಗಳು, ಚಿಕ್ಕ ವಯಸ್ಸು. ಕಾಫಿ ಲೋಟ ಪಕ್ಕಕ್ಕೆ ಸರಿಸಿ, 'ಥ್ಯಾಂಕ್ಸ್. ನಿಮ್ಮ ಶಾಖೆಯಲ್ಲಿ ಬಾಕಿ ಕಡತ ಎಷ್ಟಿವೆ?' ಅಂದರು. 62 ಇದ್ದವು. ನಮ್ಮ ನೋಟ್‌ಬುಕ್ ಮಹಾಶಯರಿಗೆ ಆ ಸಂಖ್ಯೆಯೇ ಗೊತ್ತಿರಲಿಲ್ಲ. ಕಪಾಟು ತೆಗೆದು ನಾವೇ ಎಣಿಸಿದ್ದು.

ಅವರಿಗೇನೂ ಶಿಕ್ಷೆ ಆಗಲಿಲ್ಲ. ಆ ಅಧಿಕಾರಿ ಒಂದೇ ವರ್ಷದಲ್ಲಿ ಬೇರೆ ಕಡೆ ಹೋದರು. ಇವರು 14 ವರ್ಷ ಅದೇ ಊರಲ್ಲಿ, ಬೇಕಾದ ಶಾಖೆಯಲ್ಲೇ ಉಳಿದರು. ಹಾಗಾಗಿ 'ಬಕೆಟ್ ಹಿಡಿದವರು ಉದ್ಧಾರ ಆಗಲ್ಲ' ಅಂತ ನಾನು ಸುಳ್ಳು ಹೇಳುವುದಿಲ್ಲ. ಆಗ್ತಾರೆ. ಆದರೆ ಆ ನೋಟ್‌ಬುಕ್ ಜೀವನಪೂರ್ತಿ ಬರೆಯಬೇಕು. ನಿಮ್ಮ ಕೈಯಲ್ಲಿ ಆಗುತ್ತಾ? ನಿಮ್ಮ ಪತ್ರದ ದನಿ ನೋಡಿದರೆ ಆಗಲ್ಲ.

ನಿಮಗೆ ಇನ್ನೊಂದು ಪ್ರಶ್ನೆ. ಆರು ವರ್ಷದಲ್ಲಿ ನೀವು ಮಾಡಿದ ಕೆಲಸ ಏನೇನು ಅಂತ ಮ್ಯಾನೇಜರ್‌ಗೆ ಗೊತ್ತಾ? ನಮ್ಮ ಕಡೆಯ ಜನಕ್ಕೆ ಇದೊಂದು ಕಾಯಿಲೆ. ಬೇರೆಯವರನ್ನು ಹೊಗಳುವುದಕ್ಕೆ ನಾಚಿಕೆ, ನಮ್ಮ ಕೆಲಸ ನಾವು ಹೇಳಿಕೊಳ್ಳುವುದಕ್ಕೆ ಅದಕ್ಕಿಂತ ನಾಚಿಕೆ. ಸುಮ್ನೆ ದುಡಿದರೆ ತಾನಾಗಿ ಕಾಣುತ್ತೆ ಅಂದುಕೊಳ್ಳುತ್ತೇವೆ. ಕಾಣಲ್ಲ. ತಿಂಗಳಿಗೊಮ್ಮೆ ನಾಲ್ಕು ಸಾಲಿನ ಮೇಲ್ ಹಾಕಿ: ಇಂಥದ್ದು ಮುಗಿಸಿದೆ, ಇಷ್ಟು ದಿನ ಹಿಡಿಯಿತು, ಇದು ಬಾಕಿ ಇದೆ. ಅದು ಬಕೆಟ್ ಅಲ್ಲ, ಲೆಕ್ಕ. ಮ್ಯಾನೇಜರ್ ನಿಜವಾಗಿ ಒಳ್ಳೆಯದು ಮಾಡಿದಾಗ 'ಚೆನ್ನಾಗಿ ಮಾಡಿದ್ರಿ ಸರ್' ಅನ್ನಿ, ಅದರಿಂದ ನಿಮ್ಮ ಮಾನ ಹೋಗುವುದಿಲ್ಲ.

ಕೇಕ್ ತರುವ ಹುಡುಗನ ಬಗ್ಗೆಯೂ ಒಂದು ಮಾತು. ಅವನು ಆಫೀಸ್ ಬಾಯ್ ಜೊತೆ, ಹೊಸದಾಗಿ ಸೇರಿದವರ ಜೊತೆ ಹೇಗಿರುತ್ತಾನೆ ನೋಡಿ. ಎಲ್ಲರಿಗೂ ಕೇಕ್ ತರುವವನಾದರೆ ಅದು ಅವನ ಸ್ವಭಾವ, ಬಿಟ್ಟುಬಿಡಿ. ಮೇಲಿನವರಿಗೆ ನಗು, ಕೆಳಗಿನವರಿಗೆ ಗದರಿಕೆ ಅಂತಾದರೆ ಅವನನ್ನು ಜಾಸ್ತಿ ದಿನ ಯಾರೂ ಸಹಿಸಲ್ಲ. ನೆದರ್‌ಲ್ಯಾಂಡ್ಸ್‌ನ ರೂಸ್ ವೋಂಕ್ ಎಂಬ ಮನಃಶಾಸ್ತ್ರಜ್ಞೆ 1998ರಲ್ಲಿ ಇದರ ಮೇಲೆ ಸಂಶೋಧನೆ ಪ್ರಕಟಿಸಿದ್ದಾರೆ, ಮನಃಶಾಸ್ತ್ರ ಓದಿದ ನನ್ನ ಮಗಳು ತೋರಿಸಿದಳು. ಮೇಲಿನವರ ಹತ್ತಿರ ಹಲ್ಲುಕಿರಿದು ಕೆಳಗಿನವರನ್ನು ತುಳಿಯುವ ಒಬ್ಬ ವ್ಯಕ್ತಿಯ ಬಗ್ಗೆ ಓದಿದವರಿಗೆ ಅವನನ್ನು ಕಂಡರೇ ಆಗಲಿಲ್ಲವಂತೆ. ಅದಕ್ಕೆ ಆಕೆ ಇಟ್ಟ ಹೆಸರು ಕೇಳಿದರೆ ನಿಮಗೆ ನಗು ಬರುತ್ತದೆ: 'ಲೋಳೆ ಪರಿಣಾಮ'.

ಪ್ರಶ್ನೆ: ಬೆಣ್ಣೆ ಹಚ್ಚೋದು, ಮಸ್ಕಾ ಹೊಡೆಯೋದು, ಸೋಪ್ ಹಾಕೋದು, ಬಕೆಟ್ ಹಿಡಿಯೋದು. ಒಂದೇ ಕೆಲಸಕ್ಕೆ ಯಾಕೆ ಇಷ್ಟೊಂದು ಹೆಸರು?
(ಪಿಯುಸಿ ವಿದ್ಯಾರ್ಥಿನಿ, ಚಿತ್ರದುರ್ಗ)

ಉತ್ತರ: ಬೇಡಿಕೆ ಜಾಸ್ತಿ ಇರುವ ಸರಕಿಗೆ ಹೆಸರೂ ಜಾಸ್ತಿ. ಬೆಣ್ಣೆಯೂ ಮಸ್ಕಾನೂ ಒಂದೇ, ಮಸ್ಕಾ ಅಂದರೆ ಬೆಣ್ಣೆಯೇ. ನೀನು ಬಿಟ್ಟದ್ದೂ ಇವೆ: ಅಟ್ಟಕ್ಕೇರಿಸೋದು, ಹೊನ್ನಶೂಲಕ್ಕೇರಿಸೋದು, ಪೂಸಿ ಹೊಡೆಯೋದು, ಚಮಚಾಗಿರಿ, ಬಾಲಬಡುಕತನ. ಇದರಲ್ಲಿ ನನಗೆ ಹಿಡಿಸುವುದು ಹೊನ್ನಶೂಲ. ಶೂಲ ಬಂಗಾರದ್ದಾದರೂ ಚುಚ್ಚುವುದು ಚುಚ್ಚುವುದೇ, ಅದೂ ಹೊಗಳಿಸಿಕೊಂಡವರಿಗೆ.

'ಹೊಗಳುಭಟ್ಟ' ಮಾತ್ರ ಮೊದಲು ಬೈಗುಳ ಆಗಿರಲಿಲ್ಲ. ಅರಮನೆಯಲ್ಲಿ ಅದೊಂದು ನೌಕರಿ. ಮೈಸೂರು ಅರಮನೆಯ ನವರಾತ್ರಿಯ ಖಾಸಗಿ ದರ್ಬಾರಿನಲ್ಲಿ ಈಗಲೂ ಬಹುಪರಾಕ್ ಕೂಗುತ್ತಾರೆ. ನನಗೆ ಅವರ ಮೇಲೆ ಗೌರವ ಇದೆ. ಸಂಬಳ ಕೊಟ್ಟು ಹೊಗಳಿಸುವುದು ಅಂತ ಕೂಗುವವರಿಗೂ ಗೊತ್ತು, ಕೇಳುವವರಿಗೂ ಗೊತ್ತು. ನಮ್ಮ ಕಚೇರಿಗಳಲ್ಲಿ ಆ ಕೆಲಸಕ್ಕೆ ಬೇರೆ ಹುದ್ದೆಯ ಸಂಬಳ ಹೋಗುತ್ತದೆ, ತಕರಾರು ಅದು.

ಪ್ರಶ್ನೆ: ಅತ್ತೆ ಮಾಡುವ ಹುಳಿಯನ್ನು ದಿನಾ ಹೊಗಳುತ್ತೇನೆ. ನಿಜ ಹೇಳಬೇಕೆಂದರೆ ಉಪ್ಪು ಜಾಸ್ತಿ. ಇದೂ ಬಕೆಟ್ಟಾ?
(ಶಿವಮೊಗ್ಗ)

ಉತ್ತರ: ಅಲ್ಲ, ಸಂಸಾರ. ಆದರೆ ಅವರಿಗೆ ಬಿಪಿ ಇದ್ದರೆ ಇವತ್ತೇ ಹೇಳಿ.

ಪ್ರಶ್ನೆ: ಮಗಳ ಸ್ಕಾಲರ್‌ಶಿಪ್‌ಗೆ ಆದಾಯ ಪ್ರಮಾಣಪತ್ರ ಬೇಕಿತ್ತು. ಕಚೇರಿಯಲ್ಲಿ ಎರಡು ಸಲ ಹಿಂದಕ್ಕೆ ಕಳಿಸಿದರು. ಮೂರನೇ ಸಲ 'ತಮ್ಮಿಂದಲೇ ಆಗಬೇಕು ಸ್ವಾಮಿ, ತಾವು ದೇವರಿದ್ದ ಹಾಗೆ' ಅಂತ ಕೈಮುಗಿದೆ, ಕೆಲಸ ಆಯಿತು. ಮನೆಗೆ ಬಂದ ಮೇಲೆ ನನ್ನ ಮೇಲೇ ಬೇಜಾರಾಯಿತು. ನಾನು 58 ವರ್ಷದವನು, ಆ ಹುಡುಗ ನನ್ನ ಮಗನ ವಯಸ್ಸಿನವನು.
(ರೈತ, ಹಾವೇರಿ ಜಿಲ್ಲೆ)

ಉತ್ತರ: ಅಣ್ಣಾ, ಬೇಜಾರು ಮಾಡಿಕೊಳ್ಳಬೇಕಾದವರು ನೀವಲ್ಲ.

ಮುಂದಿನ ಸಲಕ್ಕೆ ಇದನ್ನು ನೆನಪಿಡಿ. ನಮ್ಮ ರಾಜ್ಯದಲ್ಲಿ 2011ರ ಸಕಾಲ ಕಾಯ್ದೆ ಇದೆ. ಆದಾಯ ಪ್ರಮಾಣಪತ್ರ ಅದರೊಳಗೆ ಬರುತ್ತದೆ. ನಾಡಕಚೇರಿಯಲ್ಲಿ ಅರ್ಜಿ ಕೊಟ್ಟ ಕೂಡಲೇ ಸ್ವೀಕೃತಿ ಚೀಟಿ ಕೇಳಿ. ಅದರಲ್ಲಿ 15 ಅಂಕಿಯ ಸಂಖ್ಯೆ ಇರುತ್ತದೆ. ಆ ಚೀಟಿ ಇಲ್ಲದೆ ಕೌಂಟರ್ ಬಿಟ್ಟು ಕದಲಬೇಡಿ. ಗೊತ್ತುಪಡಿಸಿದ ದಿನದೊಳಗೆ ಕೆಲಸ ಆಗದಿದ್ದರೆ ಮೇಲ್ಮನವಿ ಹಾಕಬಹುದು, ತಡವಾದ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. 20 ರೂಪಾಯಿ ದೊಡ್ಡದಲ್ಲ. ಆದರೆ ಆ ಚೀಟಿ ನಿಮ್ಮ ಕೈಯಲ್ಲಿದೆ ಅಂತ ಗೊತ್ತಾದರೆ ಕೌಂಟರಿನ ಆಚೆ ಕೂತವನ ದನಿ ಬದಲಾಗುತ್ತದೆ. ನಾನೂ ಆಚೆ ಕಡೆ ಕೂತವಳೇ, ಅದಕ್ಕೇ ಹೇಳುತ್ತಿದ್ದೇನೆ.

'ನಮಸ್ಕಾರ' ಅನ್ನಿ, 'ಸರ್' ಅನ್ನಿ, ಅದು ಮರ್ಯಾದೆ. ದೇವರನ್ನು ದೇವಸ್ಥಾನದಲ್ಲೇ ಬಿಡಿ.

ಪ್ರಶ್ನೆ: ನಾನು ಸರ್ಕಾರಿ ನೌಕರ. ಮೇಲಧಿಕಾರಿಯ ಮನೆ ಕೆಲಸ, ಸ್ಟೇಷನ್ನಿಂದ ನೆಂಟರನ್ನು ಕರೆತರುವುದು, ಎಲ್ಲ ಮಾಡಿದವರಿಗೆ ಸಿ.ಆರ್., ಅಂದರೆ ಮೇಲಧಿಕಾರಿ ಬರೆಯುವ ವಾರ್ಷಿಕ ಗೌಪ್ಯ ವರದಿ, ಚೆನ್ನಾಗಿ ಬರುತ್ತದೆ. ನಾನು ಮಾಡಲ್ಲ. ನನ್ನ ವರದಿಯಲ್ಲಿ ಏನು ಬರೆದುಬಿಡುತ್ತಾರೋ ಅನ್ನುವ ಹೆದರಿಕೆ.
(ಊರು ಬೇಡ)

ಉತ್ತರ: ಆ ಹೆದರಿಕೆಯೇ ಬಕೆಟ್ಟಿನ ತಾಯಿಬೇರು. ಹೊಗಳುವವರೆಲ್ಲ ಕೆಟ್ಟವರಲ್ಲ, ಮುಕ್ಕಾಲು ಪಾಲು ಹೆದರಿದವರು. ಒಬ್ಬರ ಒಂದು ಸಹಿಯಲ್ಲಿ ನಮ್ಮ ಊರು, ಬಡ್ತಿ, ಮಕ್ಕಳ ಸ್ಕೂಲು ಎಲ್ಲ ನಿಂತಿದ್ದರೆ ಯಾರಿಗೆ ತಾನೇ ಹೊಗಳಬೇಕು ಅನ್ನಿಸಲ್ಲ?

ನಿಮಗೆ ದೇವ್ ದತ್ ಅವರ ಕಥೆ ಹೇಳಬೇಕು. ಗಡಿ ರಸ್ತೆಗಳ ಇಲಾಖೆಯಲ್ಲಿ ಇಂಜಿನಿಯರ್. ಬಡ್ತಿಗೆ 'ವೆರಿ ಗುಡ್' ಬೇಕಿತ್ತು. ಒಂದೇ ಒಂದು ವರ್ಷ, 1993-94ರ ವರದಿಯಲ್ಲಿ, 'ಗುಡ್' ಅಂತ ಇತ್ತು. ಅದನ್ನು ಅವರಿಗೆ ತಿಳಿಸಿಯೇ ಇರಲಿಲ್ಲ. 'ಗುಡ್' ಅಂದರೆ ಬೈಗುಳ ಅಲ್ಲವಲ್ಲ, ಹೇಳುವುದೇನಿದೆ ಅನ್ನುವುದು ಸರ್ಕಾರದ ವಾದ. ಸುಪ್ರೀಂ ಕೋರ್ಟ್ 2008ರಲ್ಲಿ ಅದನ್ನು ಒಪ್ಪಲಿಲ್ಲ. ಒಳ್ಳೆಯದಿರಲಿ ಕೆಟ್ಟದ್ದಿರಲಿ, ವಾರ್ಷಿಕ ವರದಿಯಲ್ಲಿ ಬರೆದ ಪ್ರತಿಯೊಂದನ್ನೂ ನೌಕರನಿಗೆ ತಿಳಿಸಬೇಕು, ಅವನು ಅದರ ಮೇಲೆ ಮನವಿ ಕೊಡಲು ಅವಕಾಶ ಇರಬೇಕು ಅಂದಿತು. ನಿಮ್ಮ ವರದಿಯ ಪ್ರತಿ ಕೇಳಿ ಪಡೆಯಿರಿ. ಸರಿ ಇಲ್ಲದಿದ್ದರೆ ಲಿಖಿತವಾಗಿ ಮನವಿ ಕೊಡಿ. ಅಳಬೇಡಿ, ಬೈಯಬೇಡಿ, ಆ ವರ್ಷ ಮಾಡಿದ ಕೆಲಸದ ಪಟ್ಟಿ ಲಗತ್ತಿಸಿ.

ಇನ್ನೊಂದು ಅಪಾಯ ಬಾಯಿಮಾತಿನ ಆದೇಶ. ಸಾಹೇಬರನ್ನು ಮೆಚ್ಚಿಸಲು ಹೋಗಿ, ಅವರು 'ಮಾಡಿಬಿಡ್ರೀ, ನಾನಿದೀನಿ' ಅಂದದ್ದಕ್ಕೆ ಕಡತದಲ್ಲಿ ಟಿಪ್ಪಣಿ ಹಾಕಿ, ಆಮೇಲೆ ಇಲಾಖಾ ವಿಚಾರಣೆಯಲ್ಲಿ ಒಬ್ಬರೇ ನಿಂತವರನ್ನು ನಾನು ನೋಡಿದ್ದೇನೆ. 'ನಾನಿದೀನಿ' ಅಂದವರು ಆವತ್ತು ಇರಲಿಲ್ಲ. ಕೇಂದ್ರದ ಸಂಪುಟ ಕಾರ್ಯದರ್ಶಿಯಾಗಿದ್ದ ಟಿ.ಎಸ್.ಆರ್. ಸುಬ್ರಮಣಿಯನ್ ಮತ್ತಿತರ ನಿವೃತ್ತ ಅಧಿಕಾರಿಗಳು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2013ರ ಅಕ್ಟೋಬರ್ 31ರಂದು ಇದನ್ನೇ ಹೇಳಿತು: ಬಾಯಿಮಾತಿನಲ್ಲಿ ಹೇಳಿದ್ದನ್ನು ಬರಹದಲ್ಲಿ ದಾಖಲಿಸಿಕೊಳ್ಳಬೇಕು. 'ಸರ್, ನೀವು ಹೇಳಿದಂತೆ ಬರೆದುಕೊಂಡಿದ್ದೇನೆ, ಒಂದು ಸಹಿ' ಅಂತ ವಿನಯದಿಂದ ಮುಂದಿಡಿ. ಅರ್ಧಕ್ಕರ್ಧ ತಪ್ಪು ಕೆಲಸಗಳು ಅಲ್ಲಿಗೇ ನಿಂತುಹೋಗುತ್ತವೆ.

ನಿಯಮ ಕಾಗದಕ್ಕೆ ಬಂದರೆ ಬಕೆಟ್ ತಾನಾಗಿ ಖಾಲಿಯಾಗುತ್ತದೆ ಅನ್ನುವುದಕ್ಕೆ ನನ್ನ ತಂಗಿಯೇ ಸಾಕ್ಷಿ. ಅವಳು ಪ್ರಾಥಮಿಕ ಶಾಲೆ ಶಿಕ್ಷಕಿ. ಮೊದಲೆಲ್ಲ ವರ್ಗಾವಣೆ ಅಂದರೆ ಯಾರ ಮನೆ ಬಾಗಿಲಿಗೆ ಹೋಗಬೇಕು, ಏನು ತೆಗೆದುಕೊಂಡು ಹೋಗಬೇಕು ಅನ್ನುವುದೇ ಚರ್ಚೆ. 2007ರಲ್ಲಿ ಶಿಕ್ಷಕರ ವರ್ಗಾವಣೆ ನಿಯಂತ್ರಣ ಕಾಯ್ದೆ ಬಂತು, ಕೌನ್ಸೆಲಿಂಗ್ ಬಂತು. ತಪ್ಪುಗಳು ಅದರಲ್ಲೂ ಇವೆ, ಅವಳೇ ಬೇಕಾದಷ್ಟು ಬೈಯುತ್ತಾಳೆ. ಆದರೆ ಅವಳಿಗೆ ಊರು ಸಿಕ್ಕಿದ್ದು ಸರತಿಯಲ್ಲಿ ಕೂತು, ಪಟ್ಟಿ ನೋಡಿ, 'ಇದು ಬೇಕು' ಅಂತ ಹೇಳಿ. ಆ ದಿನ ಯಾರನ್ನೂ ಹೊಗಳದೆ ಮನೆಗೆ ಬಂದಳು.

ಪ್ರಶ್ನೆ: ನಮ್ಮ ಕಚೇರಿಯಲ್ಲಿ ದೊಡ್ಡ ಸಾಹೇಬರ ವರ್ಗಾವಣೆಗೆ ಬೆಳ್ಳಿ ತಟ್ಟೆ ಕೊಡಲು ತಲಾ 500 ರೂಪಾಯಿ ವಸೂಲಿ. ಜವಾನರನ್ನೂ ಬಿಟ್ಟಿಲ್ಲ. ಕೊಡದಿದ್ದರೆ ಪಟ್ಟಿಯಲ್ಲಿ ಹೆಸರಿನ ಮುಂದೆ ಖಾಲಿ ಬಿಡುತ್ತಾರೆ.
(ಕೇಂದ್ರ ಸರ್ಕಾರಿ ನೌಕರ, ಹುಬ್ಬಳ್ಳಿ)

ಉತ್ತರ: ಕೇಂದ್ರ ನೌಕರರ 1964ರ ನಡತೆ ನಿಯಮಗಳಲ್ಲಿ 14ನೆಯದನ್ನು ತೆಗೆದು ಓದಿ. ಅಧಿಕಾರಿಯ ಗೌರವಾರ್ಥ ಸಭೆ, ಸನ್ಮಾನ ಪತ್ರ ಇವಕ್ಕೆಲ್ಲ ಮೊದಲೇ ಅನುಮತಿ ಬೇಕು. ಖಾಸಗಿಯಾದ, ಸರಳ ಬೀಳ್ಕೊಡುಗೆಗೆ ಅಡ್ಡಿಯಿಲ್ಲ. ಆದರೆ ಅದಕ್ಕೂ ಚಂದಾ ಕೊಡಿ ಅಂತ ಯಾರ ಮೇಲೂ ಒತ್ತಡ ಹಾಕುವ ಹಾಗಿಲ್ಲ. ಸಿ ಗುಂಪಿನ, ಅಂದರೆ ಗುಮಾಸ್ತ, ಜವಾನರ ದರ್ಜೆಯವರಿಂದ ಮೇಲಿನ ಗುಂಪಿನ ಅಧಿಕಾರಿಗಾಗಿ ಹಣ ಎತ್ತುವುದಂತೂ ನಿಷಿದ್ಧ. ಆ ಪುಟದ ಜೆರಾಕ್ಸ್ ತೆಗೆದು ಚಂದಾ ಪಟ್ಟಿಯ ಮೇಲೆ ಸುಮ್ನೆ ಇಟ್ಟುಬನ್ನಿ. ಯಾರು ಇಟ್ಟರು ಅಂತ ಹೇಳಬೇಕಾಗಿಲ್ಲ.

ಹಾರ ತುರಾಯಿಯ ಕಥೆ ರಾಜ್ಯದಲ್ಲೂ ಇದೆ. 2021ರ ಆಗಸ್ಟ್‌ನಲ್ಲಿ ಬಸವರಾಜ ಬೊಮ್ಮಾಯಿ ಮುಖ್ಯಮಂತ್ರಿಯಾದ ಹೊಸತರಲ್ಲಿ ಸರ್ಕಾರಿ ಕಾರ್ಯಕ್ರಮಗಳಲ್ಲಿ ಹಾರ, ಹೂಗುಚ್ಛ, ಹಣ್ಣಿನ ಬುಟ್ಟಿ, ಶಾಲು, ನೆನಪಿನ ಕಾಣಿಕೆ ಬೇಡ, ಕೊಡಲೇಬೇಕಾದರೆ ಕನ್ನಡ ಪುಸ್ತಕ ಕೊಡಿ ಅಂತ ಆದೇಶ ಆಯಿತು. 2023ರ ಮೇ ತಿಂಗಳಲ್ಲಿ ಸಿದ್ದರಾಮಯ್ಯನವರೂ ಹೂವು, ಶಾಲು ಬೇಡ, ಪುಸ್ತಕ ಕೊಡಿ ಅಂದರು. ಇಷ್ಟೆಲ್ಲ ಆದ ಮೇಲೂ ನಾಯಕರ ಮೆರವಣಿಗೆಗೆ ಕ್ರೇನಿನಲ್ಲಿ ಸೇಬಿನ ಹಾರ ಏರುವುದು, ಜೆಸಿಬಿಯಿಂದ ಹೂ ಸುರಿಯುವುದು ನಿಂತಿಲ್ಲ. ಕ್ರೇನು ಕೆಳಗಿಳಿದ ಮೇಲೆ ಆ ಸೇಬಿಗೆ ಆಗುವ ನೂಕುನುಗ್ಗಲು ಟಿವಿಯಲ್ಲಿ ನೋಡಿದ್ದೀರಲ್ಲ. ಆ ಇಡೀ ಕಾರ್ಯಕ್ರಮದಲ್ಲಿ ನನಗೆ ಅರ್ಥವಾಗುವ ಭಾಗ ಅದೊಂದೇ.

ಪ್ರಶ್ನೆ: ನಾಯಕರನ್ನು ಪಕ್ಷದವರು ದೇವರಂತೆ ಹೊಗಳುವುದು ಈಗ ಶುರುವಾದದ್ದಾ, ಮೊದಲೂ ಇತ್ತಾ?
(ಪದವಿ ವಿದ್ಯಾರ್ಥಿ, ಕಲಬುರಗಿ)

ಉತ್ತರ: ಮೊದಲೂ ಇತ್ತಪ್ಪ. ತುರ್ತು ಪರಿಸ್ಥಿತಿಯ ಕಾಲಕ್ಕೆ ದೇವಕಾಂತ ಬರೂವಾ ಅಂತ ಕಾಂಗ್ರೆಸ್ ಅಧ್ಯಕ್ಷರಿದ್ದರು. 'ಇಂಡಿಯಾ ಅಂದರೆ ಇಂದಿರಾ, ಇಂದಿರಾ ಅಂದರೆ ಇಂಡಿಯಾ' ಅಂದವರು ಅವರೇ. ನಾನಾಗ ಹೈಸ್ಕೂಲು. ನಮ್ಮ ಮೇಷ್ಟ್ರು ಅದನ್ನು ಬೋರ್ಡಿನ ಮೇಲೆ ಬರೆದದ್ದು, ಆಮೇಲೆ ತಾವೇ ಗಡಿಬಿಡಿಯಲ್ಲಿ ಅಳಿಸಿದ್ದು ನೆನಪಿದೆ. 1977ರಲ್ಲಿ ಇಂದಿರಾ ಸೋತರು. ಪಕ್ಷ ಒಡೆಯಿತು. ಬರೂವಾ ಇಂದಿರಾ ಜೊತೆ ಉಳಿಯಲಿಲ್ಲ. ಕೊನೆಗೆ ಅವರು ಸೇರಿದ್ದು ಯಾವ ಕಾಂಗ್ರೆಸ್ಸು ಗೊತ್ತಾ? ನಮ್ಮ ದೇವರಾಜ ಅರಸರ ಹೆಸರಿನದು. ಇಡೀ ಇಂಡಿಯಾವೇ ಆಗಿದ್ದವರನ್ನು ಬಿಟ್ಟು ಬರಲು ಜಾಸ್ತಿ ವರ್ಷ ಬೇಕಾಗಲಿಲ್ಲ.

ಅಂಬೇಡ್ಕರ್ ಈ ಮಾತನ್ನು 1949ರ ನವೆಂಬರ್ 25ರಂದೇ ಸಂವಿಧಾನ ಸಭೆಯಲ್ಲಿ ಎಚ್ಚರಿಸಿದ್ದರು. ಧರ್ಮದಲ್ಲಿ ಭಕ್ತಿ ಆತ್ಮದ ಮುಕ್ತಿಗೆ ದಾರಿಯಾದೀತು, ರಾಜಕೀಯದಲ್ಲಿ ಭಕ್ತಿ ಅಧಃಪತನಕ್ಕೂ ಕೊನೆಗೆ ಸರ್ವಾಧಿಕಾರಕ್ಕೂ ದಾರಿ ಅಂತ. ಆ ಭಾಷಣ ಪೂರ್ತಿ ಓದು. ಫ್ಲೆಕ್ಸಿನಲ್ಲಿ ಅವರದೇ ಫೋಟೊ ಹಾಕಿ ಕೆಳಗೆ ಹದಿನೆಂಟು ಮರಿ ನಾಯಕರ ಮುಖ ಅಂಟಿಸುವವರು ಓದಿರಲಿಕ್ಕಿಲ್ಲ.

ಪ್ರಶ್ನೆ: ಹೋದ ತಿಂಗಳು ಬಡ್ತಿಯಾಗಿ ಅಧಿಕಾರಿಯಾದೆ. ಒಂದೇ ವಾರದಲ್ಲಿ ನನ್ನ ಸೀರೆ ಚೆಂದ, ನನ್ನ ಕೈಬರಹ ಚೆಂದ, ನನ್ನ ಜೋಕಿಗೆ ಎಲ್ಲರಿಗೂ ನಗು. ಮೂವತ್ತು ವರ್ಷ ಇದೇ ಜೋಕು ಹೇಳಿದ್ದೇನೆ, ಯಾರೂ ನಕ್ಕಿರಲಿಲ್ಲ. ನಿಜ ಹೇಳುವವರು ಯಾರು ಅಂತ ಹೇಗೆ ತಿಳಿಯುವುದು?
(ತುಮಕೂರು)

ಉತ್ತರ: ಈ ಪ್ರಶ್ನೆ ಕೇಳಿದಿರಲ್ಲ, ಅರ್ಧ ಗೆದ್ದಿರಿ. ಈಗ ನನ್ನ ತಪ್ಪೊಪ್ಪಿಗೆ.

ತೊಂಬತ್ತರ ದಶಕ. ನನಗೆ ಸಕಲೇಶಪುರದ ಕಡೆ ಕೆಲಸ. ಗಂಡ, ಮೂರು ವರ್ಷದ ಮಗಳು ಅರಸೀಕೆರೆಯಲ್ಲಿ. ಶನಿವಾರ ಸಂಜೆ ಹೋಗಿ ಸೋಮವಾರ ಬೆಳಗಿನ ಜಾವದ ಬಸ್ಸು ಹಿಡಿಯುತ್ತಿದ್ದೆ. ಮಗಳು ಏಳುವ ಮೊದಲೇ ಹೊರಡುತ್ತಿದ್ದೆ, ಎದ್ದರೆ ಅಳುತ್ತಾಳೆ ಅಂತ. ವರ್ಗಾವಣೆ ಕೋರಿಕೆ ಕೊಟ್ಟು ಎರಡು ವರ್ಷವಾಗಿತ್ತು. ಅದು ಜಿಲ್ಲಾ ಮಟ್ಟದ ಸಾಹೇಬರ ಮೇಜಿನ ಮೇಲಿತ್ತು. ಸಾಹೇಬರು ಒಳ್ಳೆಯವರೇ, ಲಂಚ ಮುಟ್ಟುವವರಲ್ಲ. ಆದರೆ ಕವಿತೆ ಬರೆಯುತ್ತಿದ್ದರು.

ಅವರ ಕವನ ಸಂಕಲನದ ಬಿಡುಗಡೆ ಹಾಸನದಲ್ಲಿ. ಎಲ್ಲ ಕಚೇರಿಗಳಿಂದ ಜೀಪಿನಲ್ಲಿ ಜನ. ಒಬ್ಬೊಬ್ಬರು ಎರಡು ಪ್ರತಿ ಕೊಳ್ಳಬೇಕು. ನಾನು ಬಿ.ಎ.ಯಲ್ಲಿ ಕನ್ನಡ ಓದಿದವಳು ಅಂತ ಯಾರೋ ಹೇಳಿ, ಕೃತಿ ಪರಿಚಯ ನನ್ನ ಪಾಲಿಗೆ ಬಂತು. ಹಿಂದಿನ ರಾತ್ರಿ ಇಡೀ ಪುಸ್ತಕ ಓದಿದೆ. 'ಮಳೆ ಬಂತು ಮಳೆ, ನೆನೆಯಿತು ಇಳೆ' ಥರದ್ದು. ಇಳೆ, ಕಳೆ, ಹೊಳೆ, ಪ್ರಾಸಕ್ಕೆ ಬರವಿಲ್ಲ. ಮಾರನೇ ದಿನ ವೇದಿಕೆ ಹತ್ತಿ, 'ಈ ಪುಟಗಳನ್ನು ತಿರುಗಿಸಿದರೆ ಮಲೆನಾಡಿನ ಮಳೆಯ ಸದ್ದು ಕೇಳುತ್ತದೆ' ಅಂದೆ. ಕನ್ನಡಕ್ಕೆ ಹೊಸ ದನಿ ಅಂದೆ. ಹದಿನೈದು ನಿಮಿಷ ಮಾತಾಡಿದೆ. ಸಾಹೇಬರ ಕಣ್ಣಲ್ಲಿ ನೀರಿತ್ತು. ಚಪ್ಪಾಳೆ ಹೊಡೆದವರಲ್ಲಿ ಒಬ್ಬರೂ ಪುಸ್ತಕ ತೆರೆದಿರಲಿಲ್ಲ.

ಮೂರು ವಾರಕ್ಕೆ ನನ್ನ ವರ್ಗಾವಣೆ ಆದೇಶ ಬಂತು. ಅರಸೀಕೆರೆಗೆ.

ಎಷ್ಟೋ ವರ್ಷವಾದ ಮೇಲೆ ಒಂದು ಮಧ್ಯಾಹ್ನ ಅವರ ಫೋನು. ನಿವೃತ್ತರಾಗಿ ಆಗಲೇ ಬಹಳ ಕಾಲವಾಗಿತ್ತು. ಎರಡನೇ ಸಂಕಲನ ತಂದಿದ್ದರಂತೆ. ಹಿಂದಿನ ಭಾನುವಾರ ಬಿಡುಗಡೆ ಆಗಿತ್ತು. 'ಹನ್ನೊಂದು ಜನ ಬಂದಿದ್ರು ಮೇಡಂ. ಅದರಲ್ಲಿ ಇಬ್ಬರು ಮೈಕಿನವರು' ಅಂದರು. ನನಗೆ ಏನು ಹೇಳಬೇಕೋ ತೋಚಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: 'ಅವತ್ತು ನೀವು ಮಳೆ ಸದ್ದು ಕೇಳುತ್ತೆ ಅಂದ್ರಲ್ಲ, ಅದು ನಿಜಾನಾ?'

ಕುಕ್ಕರ್ ಕೂಗುತ್ತಿತ್ತು. ಹೋಗಿ ಆರಿಸಿ ಬಂದೆ. 'ಸರ್, ಅದರಲ್ಲಿ ನಿಮ್ಮ ತಾಯಿ ರಾಗಿ ಬೀಸೋದರ ಮೇಲೆ ಒಂದು ಪದ್ಯ ಇತ್ತು. ಅದು ನಿಜವಾಗ್ಲೂ ಚೆನ್ನಾಗಿತ್ತು. ಈಗಲೂ ನೆನಪಿದೆ' ಅಂದೆ.

'ಅದೊಂದೇನಾ?'

'ಅದೊಂದೇ ಸರ್.'

ಬೈಯುತ್ತಾರೆ ಅಂದುಕೊಂಡೆ. 'ಅದಕ್ಕೆ ಪ್ರಾಸವೇ ಇಲ್ಲ ಅಂತ ಕೊನೇ ಪುಟಕ್ಕೆ ಹಾಕಿದ್ದೆ ಕಣಮ್ಮಾ. ಅವತ್ತೇ ಹೇಳಿದ್ರೆ ಹಾಗೇ ಬರೀತಿದ್ದೆನಲ್ಲ' ಅಂದರು. ಅಷ್ಟು ವರ್ಷದಲ್ಲಿ ಅವರು ನನ್ನನ್ನು 'ಅಮ್ಮಾ' ಅಂದದ್ದು ಅದೊಂದೇ ಸಲ.

ಹಾಗಾಗಿ, ತುಮಕೂರಿನವರೇ, ನಿಜ ಹೇಳುವವರನ್ನು ಹುಡುಕುವ ಮೊದಲು ನಿಮ್ಮ ಮೇಜಿನ ಮೇಲೆ ಯಾರ ಯಾರ ಕೋರಿಕೆ ಬಾಕಿ ಇದೆ ನೋಡಿ. ವರ್ಗಾವಣೆ, ರಜೆ, ಮುಂಗಡ, ಯಾವುದೇ ಇರಲಿ. ಅವನ್ನು ಮೊದಲು ವಿಲೇವಾರಿ ಮಾಡಿ. ಆಗದ್ದಕ್ಕೆ ಆಗಲ್ಲ ಅಂತ ಕಾರಣ ಬರೆದು ಕಳಿಸಿ. ನಿಮ್ಮಿಂದ ಏನೂ ಆಗಬೇಕಿಲ್ಲದವರು ನಿಮ್ಮ ಜೋಕಿಗೆ ಎಷ್ಟು ನಗುತ್ತಾರೆ ಅಂತ ಆಮೇಲೆ ಗೊತ್ತಾಗುತ್ತದೆ. ಕಚೇರಿಗೆ ನಿವೃತ್ತಿ ಹತ್ತಿರ ಬಂದ ಒಬ್ಬ ಜವಾನ ಇದ್ದೇ ಇರುತ್ತಾನೆ. ಅವನನ್ನು ವಾರಕ್ಕೊಮ್ಮೆ ಮಾತಾಡಿಸಿ. ಅವನಿಗೆ ಯಾರ ಹೆದರಿಕೆಯೂ ಇರಲ್ಲ.

ಪ್ರಶ್ನೆ: ಮೇಡಂ, ನಿಮ್ಮ ಅಂಕಣ ಓದದೆ ನಮ್ಮ ಮನೆಯಲ್ಲಿ ಊಟ ಸೇರುವುದಿಲ್ಲ. ಇಷ್ಟು ಸರಳವಾಗಿ, ಇಷ್ಟು ಆಳವಾಗಿ ಕರ್ನಾಟಕದಲ್ಲಿ ಇನ್ಯಾರೂ ಬರೆಯಲಾರರು. ನೀವು ನನಗೆ ತಾಯಿ ಸಮಾನ. ಇದರ ಜೊತೆ ನನ್ನ ಎರಡು ಕವಿತೆ ಲಗತ್ತಿಸಿದ್ದೇನೆ. ತಮ್ಮ ಪತ್ರಿಕೆಯಲ್ಲಿ ಪ್ರಕಟವಾಗುವಂತೆ ಸಂಪಾದಕರಿಗೆ ಒಂದು ಮಾತು ಹೇಳಿದರೆ ಜೀವನಪೂರ್ತಿ ಋಣಿ.
(ಯುವಕವಿ, ಗದಗ)

ಉತ್ತರ: ಮೊದಲನೇ ಕವಿತೆ ಬೇಡ ಮಗಾ. ಬೆಳದಿಂಗಳು, ತಂಗಾಳಿ, ಅವಳ ಕಿರುನಗೆ, ಇವು ನಿನ್ನವಲ್ಲ, ಎಲ್ಲರವು. ಎರಡನೆಯದರಲ್ಲಿ ಬಸ್ ಸ್ಟ್ಯಾಂಡಿನಲ್ಲಿ ಶೇಂಗಾ ಮಾರುವ ಅಜ್ಜ ಚಿಲ್ಲರೆ ಎಣಿಸುವ ನಾಲ್ಕು ಸಾಲು ಇದೆಯಲ್ಲ, ಅದು ಗಟ್ಟಿ. ಕೊನೆಯ ಎಂಟು ಸಾಲು ತೆಗೆದು ಕಳಿಸು. ಹಾಗೆ ತಿದ್ದಿದರೆ ನೋಡಬಹುದು ಅಂತ ಚೀಟಿ ಅಂಟಿಸಿ ಸಂಪಾದಕರ ಮೇಜಿನ ಮೇಲೆ ಇಟ್ಟಿದ್ದೇನೆ.

ಪತ್ರದ ಮೊದಲ ಮೂರು ಸಾಲನ್ನು ಮಾತ್ರ ಕತ್ತರಿಸಿ ನನ್ನ ಹತ್ತಿರ ಇಟ್ಟುಕೊಂಡಿದ್ದೇನೆ. ಎರಡು ಸಲ ಓದಿದೆ.